ತೂಕಡಿಕೆ ಒಪ್ಪದ ಸುಬೇದಾರ

ನೋಡಿ, "ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ" ಎಂದು ಶುರುವಾಗುವ ಕಥೆ ಸಾಕಷ್ಟು ಕೇಳಿದ್ದೀರಿ. ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಅಡಿವೆಪ್ಪನೆಂಬ ನಿವೃತ್ತ ಸುಬೇದಾರ ಇದ್ದ. ವಯಸ್ಸು ಎಪ್ಪತ್ತು ದಾಟಿತ್ತು. ಮೀಸೆ ಮಾತ್ರ ಇನ್ನೂ ಸೇವೆಯಲ್ಲಿತ್ತು. ಹಗಲೆಲ್ಲ ತೂಕಡಿಕೆ. ಪೇಪರ್ ಓದುತ್ತ ತೂಕಡಿಕೆ, ರೊಟ್ಟಿ ಮುರಿಯುತ್ತ ತೂಕಡಿಕೆ. ಆದರೆ ಒಪ್ಪಿಕೊಂಡಾನೆಯೇ? ಕಾವಲಿನಲ್ಲಿ ಕಣ್ಣು ಮುಚ್ಚುವುದು ಸೈನಿಕನಿಗೆ ಅಪರಾಧ. ಅದಕ್ಕಾಗಿ ಎಷ್ಟೋ ಹುಡುಗರನ್ನು ಮೈದಾನ ಸುತ್ತಿಸಿದವನು ಈಗ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದ: ತಲೆ ವಾಲಿದ ಕೂಡಲೇ ಎದ್ದು ಅಂಗಳದಲ್ಲಿ ಕವಾಯತು. ನಿದ್ದೆ ಹೆದರಿತೇ? ಕವಾಯತು ಮುಗಿಸಿ ಕುಳಿತರೆ ಮತ್ತೆ ತೂಕಡಿಕೆ!

ಒಂದು ದಿನ ಹೆಂಡತಿ ನೀಲವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸಂತೆಗೆ ಹೊರಟ. ರೈಲ್ವೆ ಗೇಟು ಬಿದ್ದಿತ್ತು. ರೈಲು ಹೋಯಿತು, ಗೇಟು ಎದ್ದಿತು, ಹಿಂದಿನವರು ಹಾರ್ನ್ ಹೊಡೆದರು. ಸುಬೇದಾರ ಎರಡೂ ಕಾಲು ನೆಲಕ್ಕೂರಿ, ಬೆನ್ನು ನೆಟ್ಟಗಿಟ್ಟು, ಗೊರಕೆ ಹೊಡೆಯುತ್ತಿದ್ದ.

"ರೀ, ಏಳ್ರೀ! ಮಂದಿ ಬೈಯಾಕತ್ತಾರ."

"ನಾ ಎಲ್ಲಿ ಮಲಗೀನಿ? ವಿಚಾರ ಮಾಡಾಕತ್ತಿದ್ದೆ."

"ಗೊರಕಿ ಹೊಡಕೋತ ವಿಚಾರ ಮಾಡೋ ಗಂಡಸನ್ನ ಇವತ್ತ ನೋಡಿದೆ!" ನೀಲವ್ವ ಇಳಿದೇಬಿಟ್ಟಳು. "ನಾ ನಡಕೊಂಡ ಬರ್ತೀನಿ. ಇವತ್ತ ಗೇಟಿನ್ಯಾಗ ನಿದ್ದಿ ಬಂತು, ನಾಳೆ ಲಾರಿ ಮುಂದ ಬಂದ್ರ?"

ಸುಬೇದಾರ ತಾನೂ ಇಳಿದ. ಹೆಂಡತಿ ತನ್ನ ಹಿಂದೆ ಕೂರಲು ಅಂಜುತ್ತಾಳೆ! ಸ್ಕೂಟರ್ ತಳ್ಳಿಕೊಂಡು ಅವಳ ಜೊತೆ ನಡೆದ.

"ನಿಮ್ಮ ಕೈಕೆಳಗಿನ ಹುಡುಗ ತೂಕಡಿಸಿದ್ರ ಏನ ಮಾಡ್ತಿದ್ರಿ?" ನೀಲವ್ವ ಕೇಳಿದಳು.

"ಶಿಕ್ಷಾ."

"ಅಷ್ಟಾದ ಮ್ಯಾಲೂ ದಿನಾ ತೂಕಡಿಸಿದ್ರ?"

"ಡಾಕ್ಟರ್ ಕಡೆ ಕಳಸ್ತಿದ್ದೆ. ಆರಾಮ ಇಲ್ಲದವನ್ನ ಕಾವಲಿಗೆ ಹಾಕಿದ್ರ ತಪ್ಪು ಹಾಕಿದವಂದು."

"ಹಂಗಾರ ನಿಮ್ಮನ್ನ ಕಳಸಾವ್ರು ಯಾರು? ನಾನೇ ಹುಕುಂ ಮಾಡ್ಲೇನು?"

ಸುಬೇದಾರ ಸ್ಕೂಟರನ್ನು ದವಾಖಾನೆಯತ್ತ ತಿರುಗಿಸಿದ. ಅಲ್ಲಿ ಡಾಕ್ಟರು ಹಗಲಿನದಲ್ಲ, ರಾತ್ರಿಯ ಸುದ್ದಿ ಕೇಳಿದರು. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತದೆಂದು ನೀಲವ್ವನೇ ಹೇಳಬೇಕಾಯಿತು. ಪರೀಕ್ಷೆಯಲ್ಲಿ ಅದು ನಿಜವೆಂದು ತಿಳಿಯಿತು, ರಕ್ತದೊತ್ತಡವೂ ಏರಿತ್ತು. ರಾತ್ರಿಯಿಡೀ ಉಸಿರಿಗಾಗಿ ಹೋರಾಡಿದ ದೇಹ ಹಗಲು ರಜೆ ಕೇಳುತ್ತಿತ್ತು. ಇವನು ಅದಕ್ಕೆ ಕವಾಯತು ಮಾಡಿಸುತ್ತಿದ್ದ!

ಈಗ ನಿಮ್ಮ ವಿಷಯಕ್ಕೆ ಬರೋಣ. ಊಟವಾದ ಮೇಲೆ ಒಂದು ಜೊಂಪು ಯಾರಿಗಿಲ್ಲ? ಅದು ರೋಗವಲ್ಲ. ಆದರೆ ದಿನವೂ, ಬೇಡವೆಂದರೂ ಕಣ್ಣು ಎಳೆದರೆ ಕಾರಣ ಉಸಿರಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ನುಂಗುವ ಮಾತ್ರೆ ಇರಬಹುದು, ಮನಸ್ಸಿನ ಭಾರವೂ ಇರಬಹುದು. ಮನೆಯ ಹಿರಿಯರು ಕುರ್ಚಿಯಲ್ಲಿ ವಾಲಿದರೆ ಫೋಟೊ ತೆಗೆದು ನಗುತ್ತೀರಲ್ಲ? ಇವತ್ತಿನಿಂದ ಫೋಟೊ ಬೇಡ, "ರಾತ್ರಿ ನಿದ್ದೆ ಹೇಗಿತ್ತು?" ಎಂದು ಕೇಳಿ. ಹಿರಿಯರೇ, ನೀವೂ "ನನಗೇನಾಗಿದೆ?" ಅನ್ನಬೇಡಿ. ಡಾಕ್ಟರ ಬಳಿ ಹೋಗಿ. ಹೋಗುವಾಗ ನಿಮ್ಮ ಗೊರಕೆ ಕೇಳುವವರನ್ನೇ ಕರೆದೊಯ್ಯಿರಿ. ಮತ್ತು ಅಲ್ಲಿಯವರೆಗೆ, ದಯವಿಟ್ಟು, ಗಾಡಿಯ ಕೀಲಿಯನ್ನು ಎಚ್ಚರವಾಗಿರುವವರ ಕೈಗೆ ಕೊಡಿ.