ಮನೆ ಮಾಲಕನಿಗೆ ಕೊಟ್ಟ ಉತ್ತರ

ಮರಾಠಿ ನಾಡಿನ ಇತವಾರಿಯ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಕುಮುದಾಗೆ ಬೆನ್ನ ಹಿಂದೆ ಕನ್ನಡ ಕೇಳಿಸಿ ಕಿವಿ ನೆಟ್ಟಗಾಯಿತು. ಗದಗಿನ ಕಡೆಯ ಮಾತು; ನಡುವಯಸ್ಸಿನ ಗಂಡ ಹೆಂಡತಿ.

“ಖರೇ ಹೇಳ್ರಿ. ರವಿವಾರದ ಪ್ರಾರ್ಥನಾ ನಿಲ್ಲಸ್ರಿ, ಇಲ್ಲಾ ಮನಿ ಬಿಡ್ರಿ ಅಂತಿದ್ದ ಮಾಲಕ ಇವತ್ತ್ಯಾಕ ನಕ್ಕೋತ ಚಹಾ ಕೊಟ್ಟ?”

“ಮನಸ್ಸು ಬದಲಾಗಿರಬೇಕು, ಸುಗುಣಾ.”

“ಒಂದ ದಿನದಾಗ?”

“ಮೆಲ್ಲಕ ಮಾತಾಡು. ಆ ಅಕ್ಕಾರು ಕೇಳಾಕತ್ತಾರ.”

ಕುಮುದಾ ತಟ್ಟನೆ ಮೊಬೈಲಿಗೆ ಕಣ್ಣು ನೆಟ್ಟಳು. ಚಹಾದ ಬಗ್ಗೆ ಅವಳಿಗೂ ಅನುಮಾನ ಹುಟ್ಟಿತ್ತು.

“ಅವರಿಗೆಲ್ಲಿ ಕನ್ನಡ ತಿಳೀತೈತಿ? ನೀವು ಮಾಲಕಗ ಏನಂದ್ರಿ?”

ಗಂಡ ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದ.

“ಯೇಸುಸ್ವಾಮಿನ್ನ ಬಿಟ್ಟೇವಿ ಅಂದೆ. ಬರೇ ಬಾಯಿಮಾತು. ಮಗಳ ಪರೀಕ್ಷಾ ಮುಗಿಯೂತನಕ ಮನಿ ಬೇಕಲ್ಲ?”

“ಯೇಸುಸ್ವಾಮಿ ಶಿಷ್ಯ ಪೇತ್ರನೂ ‘ಆತ ನನಗ ಗೊತ್ತಿಲ್ಲ’ ಅಂತ ಬಾಯಿಲೇನ ಅಂದಿದ್ದ. ಆದ್ರ ಆಮ್ಯಾಲ ಬಿಕ್ಕಿ ಅತ್ತ. ನೀವು ಚಹಾ ಕುಡದು ಬಂದ್ರಿ.”

“ಈಗ ಏನ್ ಮಾಡಂತಿ?”

“ನಮ್ಮವ್ವ ಎಂಥಾ ಕಷ್ಟ ಬಂದ್ರೂ ಆತನ್ನ ಬಿಡಲಿಲ್ಲ. ನಾನೂ ಬಿಡೂದಿಲ್ಲ. ಮನಿ ಹೋದ್ರ ಹೋಗಲಿ. ಈಗ ಖಾಪರಖೇಡಾಕ್ಕ ತಿರುಗಿ ಹೋಗಿ ಮಾಲಕಗ ನಾನ ಹೇಳ್ತೀನಿ.”

“ಬ್ಯಾಡ. ಅಂದಾವ ನಾನು. ತಿರುಗಿ ಹೇಳಾವನೂ ನಾನ.”

“ಬರೋಬರ್ ಹೇಳ್ತೀರಿ?”

“ಹೇಳ್ತೀನಿ.”

ಅಷ್ಟರಲ್ಲಿ ಖಾಪರಖೇಡಾ ಬಸ್ಸು ಬಂತು. ಗಂಡ ಒಂದು ಹೆಜ್ಜೆ ಹಿಂದೆ ಸರಿದು, ಮೊದಲು ಹತ್ತು ಎಂದು ಹೆಂಡತಿಗೆ ಸನ್ನೆ ಮಾಡಿದ. ಸುಗುಣಾ ಅವನ ಮುಖವನ್ನೇ ನೋಡಿದಳು.

“ನೀವು ಮುಂದ ಹತ್ರಿ.”

ಅವನು ಹತ್ತಿದ. ಅವಳು ಹಿಂದೆಯೇ ಹತ್ತಿ, ಖಾಲಿ ಸೀಟಿದ್ದರೂ ಕೂರದೆ, ಬಾಗಿಲಿಗೆ ಅಡ್ಡವಾಗಿ ನಿಂತಳು. ಬಸ್ಸು ಹೊರಟಿತು.