ಹೊಡೆತಗಾರನಿಗೆ ನಾನೂರು ಹಲಗೆ

1888ರ ಬೇಸಿಗೆ. ಒಹಾಯೋದ ನಮ್ಮೂರ ಸ್ಟೇಷನ್ನಿನಲ್ಲಿ ತಂಗಿಯ ದಾರಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನಮ್ಮ ಬೇಸ್‌ಬಾಲ್ ತಂಡದ ಮಾಲೀಕ ಕ್ರಾಮರ್, ಪೆಟ್ಟಿಗೆ ಹಿಡಿದ ಹೊಡೆತಗಾರ ಹ್ಯಾಗರ್ಟಿ. ಎದುರಿಗೆ ಆಗಷ್ಟೇ ಇಳಿಸಿದ ಹಲಗೆಗಳ ರಾಶಿ.

"ನನ್ನನ್ನ ಕೊಟ್ಟು ಹಲಗೆ ತಗೊಂಡ್ರಾ, ಯಜಮಾನ್ರೇ?"

"ನಾನೂರು ಹಲಗೆ ಕಣೋ! ನಿನ್ನ ತಗೊಂಡ ತಂಡದ ಮಾಲೀಕನದು ಮರ ಕೊಯ್ಯೋ ಸಾಮಿಲ್ಲು. ನಮ್ಮ ಚೆಂಡು ಎಸೆಯೋನಿಗೆ ಇನ್ನೂರೇ ಅಂದ."

"ನಾನು ಹೋಗಲ್ಲ ಅಂದ್ರೆ?"

"ನಾನು ಒಪ್ಪದೆ ಬೇರೆ ಯಾವ ತಂಡವೂ ನಿನ್ನ ಸೇರಿಸ್ಕೊಳ್ಳಲ್ಲ. ಕರಾರು ಓದಿಲ್ವಾ?"

"ಹಲಗೆ ಯಾಕೆ ಬೇಕಿತ್ತು?"

"ಮೈದಾನದ ಬೇಲಿಗೆ. ಹಳೇದು ಬಿದ್ದಾಗಿಂದ ಊರಿಗೆ ಊರೇ ರಸ್ತೇಲಿ ನಿಂತು ಬಿಟ್ಟಿ ಆಟ ನೋಡ್ತಿದೆ."

"ಅವರು ಬರೋದೇ ನನ್ನ ನೋಡೋಕೆ. ನಾನೇ ಇಲ್ದಿದ್ರೆ?"

"ನೀನಿಲ್ಲ ಅಂತ ಗೊತ್ತಾಗೋಕೂ ಟಿಕೆಟ್ ತಗೊಂಡು ಒಳಗೆ ಬರ್ಬೇಕಲ್ಲ!"

ರೈಲು ಬಂತು. ಹ್ಯಾಗರ್ಟಿ ಹಾದುಹೋಗುತ್ತಾ ಹಲಗೆ ರಾಶಿಯತ್ತ ಬಗ್ಗಿ ನೋಡಿ ಹತ್ತಿದ. ಗಾಡಿ ಹೊರಟ ಮೇಲೆ ಬಾಗಿಲಲ್ಲಿ ನಿಂತು ಕೂಗಿದ.

"ಹಲಗೆ ತಿರುಗಿಸಿ ನೋಡಿದ್ರಾ, ಯಜಮಾನ್ರೇ? ಮರದ ಗಂಟು ಉದುರಿ ಒಂದೊಂದರಲ್ಲೂ ಕಣ್ಣಗಲ ತೂತು!"

ಕ್ರಾಮರ್ ಓಡಿಹೋಗಿ ಒಂದು ಹಲಗೆ ಎತ್ತಿ, ತೂತಿಗೆ ಕಣ್ಣಿಟ್ಟ. ದೂರವಾಗುತ್ತಿದ್ದ ಹ್ಯಾಗರ್ಟಿ ಅವನಿಗೆ ಚೆನ್ನಾಗಿಯೇ ಕಂಡಿರಬೇಕು, ಅದೂ ಬಿಟ್ಟಿಯಾಗಿ.