ಎಡಗಡೆಯಿಂದ ಬರುವ ತೋಳ

ಹೊಡ್ದೆ! ಕಂಡ್ಯಾ? ಹೊಡ್ದೇಬಿಟ್ಟೆ ತೋಳನ್ನ! ನೀ "ಎಡಕ್ಕೆ ಅಪ್ಪಾ" ಅನ್ನೋದೇ ತಡ, ತಿರುಗಿಸಿ ಒಂದು ಬಿಟ್ಟೆ ನೋಡು... ಯಾಕೆ ನಗ್ತೀಯಾ? ಲಾರಿ ಡ್ರೈವರ್ ಮಾದೇವ ಅಂದ್ರೆ ಎಂತ ಅಂದ್ಕಂಡಿದ್ದೆ ನೀನು? ತಡಿ ತಡಿ, ಮಾತಾಡಿಸಬೇಡ, ಹುಡುಗಿ ಕೈಲಿರೋ ದೀಪ ಆರ್ತದೆ. ಓಡೇ ತಾಯಿ, ಓಡು! ಎಣ್ಣೆ ಎಷ್ಟದೆ ಪ್ರತಿಭಾ? ಟೀವಿ ಮೇಲೆ ಎಲ್ಲಿ ತೋರಿಸ್ತದೆ ಅದು? ಮೇಲೆ... ಎಡಗಡೆ ಮೂಲೇಲಾ? ಹಾಂ, ಹಾಂ, ಕಂಡೆ ಕಂಡೆ. ಎಷ್ಟಂದೆ? ತಳದಲ್ಲಿ ಚೂರಾ? ಅಯ್ಯಯ್ಯೋ, ಓಡು!

ಆರೇ ಹೋಯ್ತು. ಮತ್ತೆ ಗುಡಿಸಲಿಂದ ಶುರು.

ಎಂಥಾ ಆಟ ಮಾರಾಯ್ತಿ ಇದು! ಹನಿ ಎಣ್ಣೆ ಕೊಟ್ಟು, ದೀಪ ಆರೋದ್ರೊಳಗೆ ಕಾಡು ದಾಟಿ ಹೊಳೆಯಾಚೆ ಸೇರು ಅಂದ್ರೆ? ಯಾರು ಮಾಡಿದ್ದು ಅಂದೆ? ಇಬ್ಬರು ಗೆಳತೀರು, ಮನೇಲೇ ಕೂತು? ದೊಡ್ಡ ಕಂಪನಿ ಅಲ್ಲ ಅಂತೀಯಾ? ಅದಕ್ಕೇ ಮತ್ತೆ ಈ ಜಿಪುಣತನ! ನೀನೂ ಸರಿ. ಮಗಳು ಸ್ಕೂಲಿಗೆ ಹೋಗೋ ಹಾಗಾದ್ರೂ ಗೇಮಿನ ಹುಚ್ಚು ಬಿಟ್ಟಿಲ್ಲ. ಉಮ್ಮಚಗಿಗೆ ಸೊಸೆಯಾಗಿ ಹೋದವರಲ್ಲಿ ಮದುವೆ ಸೀರೆ ಜೊತೆ ಈ ಆಟದ ರಿಮೋಟೂ ಕಟ್ಕಂಡು ಹೋದವಳು ನೀನೊಬ್ಬಳೇ ಇರಬೇಕು.

ಹೂಂ, ನಾಳೆಯಿಂದ ವ್ಯಾನು. ನಿಮ್ಮ ಉಮ್ಮಚಗಿ ಕಡೆ ಮಕ್ಕಳನ್ನೆಲ್ಲ ತುಂಬ್ಕಂಡು ಯಲ್ಲಾಪುರದ ಸ್ಕೂಲಿಗೆ. ನಿನ್ನ ಮಗಳು ಅಭಿಜ್ಞಾ ಈಗಲೇ ಕುಣೀತಾ ಇದಾಳೆ ಅಲ್ವಾ, ಅಜ್ಜನ ವ್ಯಾನು ಅಂತ? ಕುಣೀಲಿ ಕುಣೀಲಿ... ಇಲ್ಲಪ್ಪ, ನಾ ಕೇಳಿದ್ದಲ್ಲ. ಧಣಿ ಬದ್ರುದ್ದೀನ್ ಸಾಬ್ರೇ ಕರೆದು ಹೇಳಿದ್ರು, "ಮಾದೇವಣ್ಣ, ಅರಬೈಲ್ ಘಟ್ಟ ಹತ್ತಿ ಇಳಿದಿದ್ದು ಸಾಕು, ಲಾರಿ ಫರಾಜ್ ನೋಡ್ಕಳ್ಳಲಿ, ನೀ ಆರಾಮಾಗಿ ವ್ಯಾನು ಓಡಿಸು" ಅಂತ. ನನ್ನ ಲಾರೀಲೇ ಕ್ಲೀನರ್ ಇದ್ದವ ಫರಾಜ್! ಬೇಜಾರೇನಿಲ್ಲ. ಬಂಗಾರದಂಥ ಹುಡುಗ. ಎಡಗಡೆ ಬಾಗಿಲಿಗೆ ಕೈ ಬಡಿದು ಹೇಳೋನು. ಒಂದು ಬಡಿದ್ರೆ ನಿಲ್ಲು, ಎರಡು ಬಡಿದ್ರೆ ಬಿಡು. ಆ ಕೈ ನಂಬ್ಕಂಡು ಎಡಗಡೆ ನೋಡದೇನೇ... ಅಲ್ಲ, ಮಾತಿಗೆ ಅಂದೆ.

ವ್ಯಾನಿಗೆ ಯಾರೂ ಇಲ್ಲ. ಸಣ್ಣ ಗಾಡಿಗೆ ಎಂತಕ್ಕೆ ಕ್ಲೀನರ್ರು? ಹಾಗೆಂತ ಮುಖ ಮಾಡ್ತೀಯಾ? ಆಟ ಹಚ್ಚು.

ಹಾಂ, ಹೊರಟ್ಲು... ಕಲ್ಲು ಬಂತು, ಹಾರಿದೆ! ಬಲಗಡೆ ತೋಳ, ಮುಗೀತು ಅದರ ಕಥೆ! ಇನ್ನೊಂದು, ಅದನ್ನೂ... ಅರೆ! ಯಾರು ಕಚ್ಚಿದ್ದು? ಎಲ್ಲಿಂದ ಬಂತು ಅದು? ನೀ ಹೇಳಲೇ ಇಲ್ವಲ್ಲೇ!

ಇರಲಿ. ಮತ್ತೆ. ಬಲಗಡೆದು ಬಿತ್ತು... ಓಡು... ಥೂ! ಮತ್ತೆ ಅದೇ ಜಾಗದಲ್ಲಿ! ಏ ಪ್ರತಿಭಾ, ಬಾಯಲ್ಲಿ ಕಡುಬು ತುಂಬ್ಕಂಡ್ಯಾ? ಆಗ ಎಡಕ್ಕೆ ಎಡಕ್ಕೆ ಅಂತ ಬಡ್ಕೊಳ್ತಿದ್ದೆ, ಈಗ ಎಂತಾಯ್ತು? ಈ ಆಟವೇ ಸರಿ ಇಲ್ಲ. ಇದ್ದಕ್ಕಿದ್ದಂಗೆ ಗಾಳಿಯಲ್ಲಿ ಹುಟ್ಟಿ ಬರ್ತಾವೆ ತೋಳಗಳು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲು ಅಂತೀಯೇನೋ. ನೆಲ ಡೊಂಕೇ ಕಣೆ ಇಲ್ಲಿ!

ಮತ್ತೆ ಸತ್ಲು.

ಸಾಕು ತೆಗಿ. ಚಾ ಮಾಡು... ಪ್ರತಿಭಾ? ಎದ್ದು ಹೋದ್ಯಾ? ಚಾ ಮಾಡೋಕೆ ಆಗಲೇ ಒಳಗೆ ಹೋದ್ಯಾ? ಏ ಪ್ರತಿಭಾ!

ಅಯ್ಯೋ ದೇವ್ರೇ... ಇಲ್ಲೇ ಇದ್ಯಾ. ಇಲ್ಲೇ, ನನ್ನ ಎಡಗಡೇನೇ. ಎದ್ದೇ ಇಲ್ಲ ನೀನು. ಕೈ ಯಾಕೆ ಹಾಗೆ ನನ್ನ ಮುಖದ ಹತ್ರ ಹಿಡ್ಕಂಡಿದ್ದೀಯಾ? ಎಷ್ಟೊತ್ತಿಂದ ಹಿಡ್ಕಂಡಿದ್ದೆ? ಇಳಿಸು. ಇಳಿಸು ಕೈ, ಮಗಾ.

ಸುಸ್ತಾಗಿದೆ ಅಷ್ಟೇ. ಕಣ್ಣು ಮಂಜಾಗಿದೆ, ಕನ್ನಡಕ ಬದಲಿಸಿದ್ರೆ... ಕನ್ನಡಕ ಅಲ್ಲ. ಯಾವ ಕಣ್ಣು ಮುಚ್ಚಿದ್ರೂ ಅಷ್ಟೇ, ಎಡಗಡೆ ಅರ್ಧ ಇರೋದೇ ಇಲ್ಲ. ಅರಬೈಲಲ್ಲಿ ಒಂದಿನ ಬೆಳಿಗ್ಗೆ ತಲೆ ಗಿರ್ರ್ ಅಂತು. ಬದಿಗೆ ನಿಲ್ಲಿಸಿ ನೀರು ಕುಡಿದೆ. ಆಮೇಲಿಂದ ಹೀಗೇ. ಯಾರ ಹತ್ರ ಹೇಳಲಿ? ಡಾಕ್ಟ್ರ ಹತ್ರ ಹೋದ್ರೆ ಸ್ಟೇರಿಂಗ್ ಮುಟ್ಟಬೇಡ ಅಂತಾರೆ. ಸ್ಟೇರಿಂಗ್ ಬಿಟ್ಟು ನಂಗೆ ಮತ್ತೆಂತ ಬರ್ತದೆ? ಹೆದರಿಕೆ ಆಯ್ತು ಕಣೆ, ಭಾಳ ಹೆದರಿಕೆ ಆಯ್ತು. ಫರಾಜ್ ಬಡೀತಿದ್ದ, ನಡೀತಿತ್ತು.

ಅಳಬೇಡ. ವ್ಯಾನನ್ನ ನಾ ಹಾಗೇ ತಗೊಂಡು ಹೊರಡ್ತಿರಲಿಲ್ಲ ಮಾರಾಯ್ತಿ. ವಿಚಾರ ಮಾಡಿಟ್ಟಿದ್ದೆ. ನಮ್ಮ ಅಭಿಜ್ಞಾ... ಚುರುಕು ಅಲ್ವಾ ಅವಳು? ಮುಂದಿನ ಸೀಟಲ್ಲಿ ಪಕ್ಕ ಕೂರಿಸ್ಕಂಡ್ರೆ... ಸೈಕಲ್ ಬಂತು, ದನ ಬಂತು ಅಂತ ಕೂಗಿದ್ರೆ ಸಾಕಿತ್ತು. ನಿನ್ನೆ ಅಂಗಳದಲ್ಲಿ ನಿಲ್ಲಿಸ್ಕಂಡು ಕಲಿಸ್ತಾ ಇದ್ದೆನಲ್ಲ, ಅದೇ. ಎಷ್ಟು ಬೇಗ ಕಲಿತ್ಲು ಗೊತ್ತದಾ! ಒಂದೂ ತಪ್ಪಲಿಲ್ಲ. ಅವಳು ಆಟ ಅಂದ್ಕಂಡ್ಲು. ನೀನೂ ಬಾಗಿಲಲ್ಲಿ ನಿಂತು ನಗ್ತಾ ಇದ್ದೆ...

ಪ್ರತಿಭಾ?

ಹಾಗೆ ನೋಡಬೇಡ. ಬೈ, ಬೇಕಾದ್ರೆ. ಬಾಯಿ ಬಿಟ್ಟು ಬೈದುಬಿಡು. ಅವಳಿನ್ನೂ ಒಂದನೇ ಕ್ಲಾಸು ಅಂತ ನಂಗೆ ಗೊತ್ತಿಲ್ವಾ...



ಸಾಬ್ರಿಗೆ ಫೋನ್ ಹಚ್ಚಿ ಕೊಡು, ಮಗಾ. ನಾನೇ ಹೇಳ್ತೇನೆ.